ಕಾಲನಿ, ಕ್ಯಾಂಪು, ವಸಾಹತು

ಬಳ್ಳಾರಿಯಿಂದ ಮೋಕದ ಕಡೆ ಹೋಗುವ ಬಸ್ಸು ಹತ್ತಿ ಕೂತರೆ ಪಕ್ಕದವರು ಮೊದಲು ಕೇಳುವುದು ‘ಯಾವೂರಪ್ಪ ನಿಮ್ದು?’ ಅಂತ. ಊರಿನ ಹೆಸರು ಹೇಳಿದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ‘ಊರಾಗೋ, ಕಾಲನ್ಯಾಗೋ?’ ಇದು ಎರಡನೇ ಪ್ರಶ್ನೆ. ಕೇಳುವವರು ಕೆಟ್ಟವರೇನಲ್ಲ, ಶೇಂಗಾದ ಪೊಟ್ಟಣ ಮುಂದೆ ಹಿಡಿದು ‘ತಗಾಳಪ್ಪ’ ಅನ್ನುವವರೇ. ಆ ಪ್ರಶ್ನೆಯಲ್ಲಿ ಜಾತಿಯ ಹೆಸರಿಲ್ಲ, ಬೈಗುಳವಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೈಗೆ ಅದು ಸಿಕ್ಕುವುದಿಲ್ಲ. ಆದರೆ ಉತ್ತರ ನಮ್ಮ ಬಾಯಿಂದ ಬಿದ್ದ ಕೂಡಲೆ ಶೇಂಗಾದ ಪೊಟ್ಟಣ ಆ ಕಡೆಯ ತೊಡೆಯ ಮೇಲಕ್ಕೆ ಹೋಗುತ್ತದೆ.

ಮೂರಕ್ಷರದ ಈ ಇಂಗ್ಲಿಷ್ ಶಬ್ದದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಶಬ್ದದ ಹಿಂದೆ ಬೀಳುವುದು ಪಂಡಿತರ ಕೆಲಸ, ಚಳವಳಿಯವರಿಗೆ ಅದಕ್ಕೆಲ್ಲಿ ಪುರುಸೊತ್ತು ಎಂದು ಗೆಳೆಯರು ಗೊಣಗಬಹುದು. ಇರಲಿ. ಮೋಕ ಹೋಬಳಿಯ ನಮ್ಮ ಹಳ್ಳಿಯಲ್ಲಿ ಈಗ ಜಗಳ ನಡೆದಿರುವುದೇ ಈ ಶಬ್ದದ ಮೇಲೆ. ಕಾಲನಿಯ ಬಾಯಿಗೆ ನಿಲ್ಲಿಸಿರುವ ಬೋರ್ಡು ಕೀಳಬೇಕು ಎನ್ನುವ ಹುಡುಗರು ಒಂದು ಕಡೆ, ‘ಇರ್ಲಿ ಬಿಡ್ರಲೇ, ಬೋರ್ಡೇನು ನಿಮ್ಮನ್ನ ಕಚ್ಚತೈತಾ’ ಅನ್ನುವ ಹಿರಿಯರು ಇನ್ನೊಂದು ಕಡೆ. ನಾವು ಎರಡೂ ಕಡೆ ಕೂತು ಕೇಳಿದ್ದೇವೆ.

ಹುಡುಗರ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಹಳ್ಳಿಯಲ್ಲಿ ‘ಕಾಲನಿ’ ಅಂದರೆ ಮುಂದೆ ಹಿಂದೆ ಏನೂ ಸೇರಿಸಬೇಕಾಗಿಲ್ಲ, ಅದು ನಾವೇ. ಶಾಲೆಯಲ್ಲಿ ‘ಕಾಲನಿ ಹುಡುಗ್ರು’, ಹೊಲದಲ್ಲಿ ‘ಕಾಲನಿ ಆಳು’, ಚುನಾವಣೆಯಲ್ಲಿ ‘ಕಾಲನಿ ಓಟು’. ಮೊದಲು ನೇರವಾಗಿ ಜಾತಿ ಹಿಡಿದು ಕರೆಯುತ್ತಿದ್ದ ನಾಲಗೆ ಈಗ ಕಾಯ್ದೆ ಕಲಿತಿದೆ. ಜಾತಿ ಹೇಳದೆ ಜಾತಿ ಹೇಳುವ ಶಬ್ದ ಒಂದು ಬೇಕಾಗಿತ್ತು, ಸರ್ಕಾರವೇ ಅದನ್ನು ಬೋರ್ಡು ಬರೆಸಿ ಕೊಟ್ಟಿತು.

ಪಟ್ಟಣದಲ್ಲಿ ಇದೇ ಶಬ್ದಕ್ಕೆ ಬೇರೆ ಬಟ್ಟೆ. ಡಿಗ್ರಿ ಓದುವಾಗ ನಾವು ಮೂವರು ಗೆಳೆಯರು ಬಳ್ಳಾರಿಯಲ್ಲಿ ರೂಮು ಹುಡುಕಿಕೊಂಡು ಒಂದು ಮನೆಗೆ ಹೋಗಿದ್ದೆವು. ಮನೆಯ ಯಜಮಾನರು ಕುರ್ಚಿ ಕೊಟ್ಟರು, ನೀರು ಕೊಟ್ಟರು. ಯಾವೂರು ಅಂದರು, ಹೇಳಿದೆವು. ‘ಊರಾಗ ಎಲ್ಲಿ?’ ಅಂದರು. ‘ಕಾಲನ್ಯಾಗ್ರಿ’ ಅಂದೆವು. ರೂಮು ಅವರ ತಂಗಿಯ ಮಗನಿಗೆ ಮಾತಾಗಿದೆ ಎಂಬುದು ಆಗ ಅವರಿಗೆ ನೆನಪಾಯಿತು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನೋಡಿದರೆ ಗೇಟಿನ ಕಲ್ಲಿನ ಮೇಲೆ ಚೆಂದಗೆ ಕೆತ್ತಿಸಿದ್ದಾರೆ: ಮನೆ ನಂಬರು, ಅದರ ಕೆಳಗೆ ಅವರದೂ ಒಂದು ‘ಕಾಲನಿ’! ಮುಂದೆ ‘ಎಂಪ್ಲಾಯೀಸ್’ ಅಂತ ಇತ್ತು, ಅಷ್ಟೆ. ನಾವು ಮೂವರೂ ಬೀದಿಯ ತಿರುವಿನತನಕ ನಕ್ಕೆವು. ತಿರುವಿನ ಆಚೆ ನಗು ಬರಲಿಲ್ಲ.

ಆಫೀಸರ್ಸ್ ಕಾಲನಿ, ಬ್ಯಾಂಕ್ ಕಾಲನಿ, ಡ್ಯಾಮಿನ ಹತ್ತಿರ ಇಂಜಿನಿಯರುಗಳ ಕಾಲನಿ. ಮುಂದೆ ನೌಕರಿಯ ಹೆಸರು ಬಂದರೆ ಕಾಲನಿ ಮರ್ಯಾದೆಯ ಶಬ್ದ. ‘ಎಸ್.ಸಿ.’ ಬಂದರೆ, ‘ಹರಿಜನ’ ಬಂದರೆ, ‘ಜನತಾ’ ಬಂದರೆ, ಹಳೇ ಮೈಸೂರಿನ ಕಡೆ ‘ಎ.ಕೆ.’ ಬಂದರೆ ಅದೇ ಶಬ್ದ ಮಡಿ ಕಳೆದುಕೊಳ್ಳುತ್ತದೆ. ಏನೂ ಬರದಿದ್ದರಂತೂ ಕೇಳುವುದೇ ಬೇಡ.

ಇದು ನಮ್ಮ ಬಾಯಿಗೆ ಬಂದದ್ದು ಹೇಗೆ? ನಮ್ಮ ಅಜ್ಜಿ ಹೆಬ್ಬೆಟ್ಟಿನಾಕೆ. ಆಕೆಗೆ ಬರುತ್ತಿದ್ದ ಇಂಗ್ಲಿಷ್ ಇಷ್ಟೆ: ಬಸ್ಸು, ಡ್ಯಾಮು, ಕೆನಾಲು, ಲೋನು, ಕಾಲನಿ. ಇವು ಐದೂ ಸರ್ಕಾರದ ಜೊತೆ ಬಂದವು. ಅದಕ್ಕೆ ಮುಂಚೆ ನಾವಿದ್ದದ್ದು ಕೇರಿಯಲ್ಲಿ. ಕೇರಿ ಅಂದರೆ ಮೂಲದಲ್ಲಿ ಬೀದಿ ಅಷ್ಟೆ. ಒಕ್ಕಲಗೇರಿ ಇತ್ತು, ಬ್ರಾಹ್ಮಣರ ಕೇರಿ ಇತ್ತು, ಕರಾವಳಿಯಲ್ಲಿ ಈಗಲೂ ಯಾರ ಬೀದಿಗಾದರೂ ಕೇರಿ ಅನ್ನುತ್ತಾರೆ. ನಮ್ಮ ಸೀಮೆಯಲ್ಲಿ ಮೇಲಿನವರು ಒಬ್ಬೊಬ್ಬರಾಗಿ ಕೇರಿ ಬಿಟ್ಟು ಓಣಿಗೆ ಹೋದರು, ಪೇಟೆಗೆ ಹೋದರು, ಕೇರಿ ನಮ್ಮ ಪಾಲಿಗೆ ಉಳಿಯಿತು. ‘ಊರಿದ್ದಲ್ಲಿ ಹೊಲಗೇರಿ’ ಎಂಬ ಗಾದೆಯನ್ನು ಲೋಕಾನುಭವದ ಮುತ್ತು ಎಂದು ನಮ್ಮ ಗಾದೆ ಸಂಗ್ರಹಕಾರರು ಅಚ್ಚು ಹಾಕಿಸಿದ್ದಾರೆ. ಯಾರ ಅನುಭವ, ಯಾವ ಮುತ್ತು?

ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದಲ್ಲಿ ಅಸ್ಪೃಶ್ಯರಿಗೆ ಮನೆ ಕಟ್ಟುವ ಜಾಗ ಕೊಡಿಸುವ ಕೆಲಸವನ್ನು 1920ರ ದಶಕದಿಂದ ಲೇಬರ್ ಇಲಾಖೆ ಎಂಬ ಇಲಾಖೆಗೆ ವಹಿಸಿದ್ದರು. ಇಲಾಖೆಯ ಹೆಸರು ಗಮನಿಸಿ, ಮನೆ ಕೊಡುವಾಗಲೂ ನಮ್ಮನ್ನು ಆಳು ಎಂದೇ ಬರೆದುಕೊಂಡಿದ್ದರು. ಆಮೇಲೆ ಹರಿಜನ ಕಾಲನಿಗಳು ಬಂದವು, 1970ರ ದಶಕದಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆಗಳು ಬಂದವು. ಆ ಮನೆಗಳನ್ನು ಹಗುರಾಗಿ ಮಾತಾಡುವುದು ನಮಗೆ ಬೇಡ. ಸೋರದ ಸೂರು ಅಂದರೆ ಏನೆಂದು ನಮ್ಮ ಮನೆತನಕ್ಕೆ ಗೊತ್ತಾದದ್ದೇ ಹಾಗೆ. ಆದರೆ ಜಾಗ ಗುರುತು ಮಾಡಿದ್ದು ಎಲ್ಲಿ? ಹಳೆಯ ಕೇರಿ ಊರಿಗೆ ಅಂಟಿಕೊಂಡಿತ್ತು, ಹೊಸ ಕಾಲನಿ ಊರಿಂದ ಇನ್ನೂ ಒಂದು ಫರ್ಲಾಂಗು ದೂರ, ಹಳ್ಳದ ದಂಡೆಗೆ. ಸಾವಿರ ವರ್ಷದ ಗಡಿಗೆ ಸರ್ಕಾರದ ಸರ್ವೇಯರು ಬಂದು ಚೈನು ಹಿಡಿದು ಅಳತೆ ಹಾಕಿಕೊಟ್ಟಂತಾಯಿತು. ಕೇರಿ ಎನ್ನುವುದಕ್ಕಿಂತ ಕಾಲನಿ ಎನ್ನುವುದು ಮರ್ಯಾದೆ ಎಂದು ನಮ್ಮ ಹಿರಿಯರು ಅಂದು ಹಿಗ್ಗಿದ್ದು ಸುಳ್ಳಲ್ಲ. ಇಂಗ್ಲಿಷ್ ಶಬ್ದಕ್ಕೆ ಮೈಲಿಗೆ ಇರುವುದಿಲ್ಲ ಎಂದು ಅವರು ನಂಬಿದ್ದರು. ಎರಡೇ ತಲೆಮಾರಿನಲ್ಲಿ ಊರು ಅದಕ್ಕೂ ಮೈಲಿಗೆ ಹಚ್ಚಿತು.

ಇಲ್ಲಿ ನಮ್ಮ ಮೈಗೂ ಒಂದು ಚಿವುಟು ಇರಲಿ. ನಮ್ಮ ಕವಿತೆಗಳಲ್ಲಿ ಕೇರಿ ಬರುವಷ್ಟು ಕಾಲನಿ ಬರುವುದಿಲ್ಲ. ಹುಡುಕಿದರೆ ಸಿಕ್ಕೀತು, ಆದರೆ ಹುಡುಕಬೇಕು. ಕೇರಿ ಅಂದರೆ ಸಾಲಿಗೆ ಲಯ ಸಿಗುತ್ತದೆ, ತಮಟೆ ಕೇಳುತ್ತದೆ, ವೇದಿಕೆಯ ಕೆಳಗೆ ಚಪ್ಪಾಳೆ ಬೀಳುತ್ತದೆ. ಕಾಲನಿ ಅಂದರೆ ಪಂಚಾಯ್ತಿ ನೋಟೀಸು ಓದಿದಂತೆ. ಸಿದ್ಧಲಿಂಗಯ್ಯನವರು ಆತ್ಮಕಥೆಗೆ ‘ಊರುಕೇರಿ’ ಎಂದು ಹೆಸರಿಟ್ಟದ್ದಕ್ಕೆ ಅವರ ಬದುಕೇ ಆಧಾರ. ನಾವು, ಜನತಾ ಮನೆಯ ಶೀಟಿನ ಕೆಳಗೆ ಹುಟ್ಟಿದವರು, ನೋಡಿಯೇ ಇರದ ಕೇರಿಯನ್ನು ಎರವಲು ತಂದು ಬರೆಯುತ್ತಿದ್ದೇವೆ. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಪುಸ್ತಕಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟಾಗ ನಮ್ಮನ್ನು ಚುಚ್ಚುತ್ತಿದ್ದ ಇಂಗ್ಲಿಷ್ ಶಬ್ದವನ್ನೇ ಎತ್ತಿ ತಿರುಗಿಸಿ ಹಿಡಿದರು. ಆ ಧೈರ್ಯ ನಮ್ಮ ಪದ್ಯಗಳಿಗೆ ಇನ್ನೂ ಬಂದಿಲ್ಲ.

ಇನ್ನು ವಿದ್ವಾಂಸರ ಕಡೆ ಹೋಗೋಣ. ಕಾಲೇಜಿನ ಗ್ರಂಥಾಲಯದಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ತೆಗೆದು ಈ ಶಬ್ದ ಹುಡುಕಿದೆವು. ಅರ್ಥ: ವಸಾಹತು. ನಮಗೆ ಒಂದು ಕ್ಷಣ ದಿಗಿಲಾಯಿತು. ವಸಾಹತು ಅಂದರೆ ಬ್ರಿಟಿಷರದ್ದು, ಫ್ರೆಂಚರದ್ದು, ಪರೀಕ್ಷೆಗೆ ಬರೆಯುವಂಥದ್ದು. ನಮ್ಮವ್ವ ಸೆಗಣಿ ಸಾರಿಸುವ ಅಂಗಳ ವಸಾಹತೇ? ಒಂದೇ ಇಂಗ್ಲಿಷ್ ಶಬ್ದ ಕನ್ನಡಕ್ಕೆ ಎರಡು ಬಾಗಿಲಿನಿಂದ ಬಂದಿದೆ. ಮುಂಬಾಗಿಲಿನಿಂದ ಬಂದದ್ದು ವಸಾಹತು ಆಗಿ ವಿಶ್ವವಿದ್ಯಾಲಯಕ್ಕೆ ಹೋಯಿತು, ಅದಕ್ಕೆ ‘ಶಾಹಿ’ ಸೇರಿತು, ‘ಉತ್ತರ’ ಸೇರಿತು, ವಸಾಹತೋತ್ತರ ಚಿಂತನೆ ಎಂದು ವಿಚಾರಸಂಕಿರಣವಾಯಿತು. ಹಿತ್ತಲ ಬಾಗಿಲಿನಿಂದ ಬಂದದ್ದು ಅನುವಾದವೂ ಆಗದೆ ಕಾಲನಿಯಾಗಿ ಹಳ್ಳದ ದಂಡೆಗೆ ಬಿತ್ತು. ಎರಡೂ ಒಡಹುಟ್ಟಿದವು ಎಂಬುದು ಯಾರಿಗೂ ಹೊಳೆಯಲಿಲ್ಲ, ಹೊಳೆಯದಿರಲಿ ಎಂದೇ ಅವುಗಳನ್ನು ಬೇರೆ ಬೇರೆ ಇಟ್ಟಂತಿದೆ.

ನಮ್ಮ ವಿಮರ್ಶಕರು ವಸಾಹತಿನ ಗಾಯದ ಬಗ್ಗೆ ಬಹಳ ಬರೆದಿದ್ದಾರೆ. ಇಂಗ್ಲಿಷ್ ನಮ್ಮ ಮನಸ್ಸನ್ನು ಆಕ್ರಮಿಸಿತು, ನಮ್ಮ ದೇಸಿ ಬದುಕು ಮುರಿಯಿತು ಎಂದು ಅವರಿಗೆ ದುಃಖ. ಈ ದುಃಖಕ್ಕೆ ಅವರು ಕೀನ್ಯಾದ ಗೂಗಿ ವಾ ಥಿಯಾಂಗೋನನ್ನು ಸಾಕ್ಷಿಗೆ ಕರೆಯುತ್ತಾರೆ. ಗೂಗಿ 1986ರಲ್ಲಿ ಮನಸ್ಸಿನ ವಸಾಹತು ಕಳಚುವುದರ ಬಗ್ಗೆ ಪುಸ್ತಕ ಬರೆದದ್ದು ನಿಜ, ಇಂಗ್ಲಿಷ್ ಬಿಟ್ಟು ತನ್ನ ಗಿಕುಯು ಭಾಷೆಗೆ ಮರಳಿದ್ದೂ ನಿಜ. ಆದರೆ ಗೂಗಿಯ ಜನ ಕಳಕೊಂಡದ್ದು ಭಾಷೆ ಒಂದನ್ನೇ ಅಲ್ಲ. ಕೀನ್ಯಾದ ಎತ್ತರದ ಸೀಮೆಯ ಒಳ್ಳೆಯ ಭೂಮಿಯನ್ನು ಬಿಳಿಯರು ತಮ್ಮದೆಂದು ಬೇಲಿ ಹಾಕಿ, ಉಳುತ್ತಿದ್ದವರನ್ನು ‘ರಿಸರ್ವ್’ಗೆ ದಬ್ಬಿದ್ದರು. (ಆ ರಿಸರ್ವ್ ಎನ್ನುವ ಶಬ್ದದ ಕತೆ ಇನ್ನೊಂದು ಸಂಚಿಕೆಗಿರಲಿ.) ನಮ್ಮ ವಿಮರ್ಶಕರು ಗೂಗಿಯಿಂದ ಭಾಷೆಯನ್ನು ತಂದರು, ಭೂಮಿಯನ್ನು ಅಲ್ಲೇ ಬಿಟ್ಟು ಬಂದರು. ತಂದಿದ್ದರೆ ಒಂದು ಪ್ರಶ್ನೆ ಏಳುತ್ತಿತ್ತು: ಹೊರಗಿನಿಂದ ಬಂದವ ಒಳಗಿನವನ ಭೂಮಿ ಕಸಿದು, ಅವನಿಗೆ ಬೇರೆ ಜಾಗ ಗುರುತು ಮಾಡಿ, ಅವನ ದುಡಿಮೆ ತಿನ್ನುವುದು ವಸಾಹತು ಅನ್ನುವುದಾದರೆ, ಸಾಹೇಬ ಬರುವ ಮುಂಚೆ ನಿಮ್ಮ ಊರು ನಮ್ಮ ಕೇರಿಯ ಮೇಲೆ ನಡೆಸಿದ್ದು ಏನು ಸ್ವಾಮಿ? ಸಾಹೇಬನ ಮೇಲೆ ಅವರಿಗಿರುವ ಸಿಟ್ಟಿನಲ್ಲಿ ನಮಗೂ ಪಾಲಿದೆ. ಆದರೆ ಸಾಹೇಬನ ಸೈನ್ಯದಲ್ಲಿ, ಮಿಷನ್ ಶಾಲೆಯಲ್ಲಿ ನಮ್ಮವರು ಮೊದಲ ಸಲ ಅಕ್ಷರ ಕಂಡದ್ದನ್ನು ಮರೆತು ಆ ಅಳುವಿಗೆ ಕೋರಸ್ ಹಾಡುವುದು ನಮ್ಮಿಂದಾಗದು.

ಶಬ್ದದ ಬೇರು ಲ್ಯಾಟಿನ್ನಿನಲ್ಲಿದೆ. ‘ಕೊಲೋನಸ್’ ಅಂದರೆ ಉಳುವವನು, ರೈತ. ಅವನು ನೆಲೆಸಿ ಉಳುವ ಜಾಗ ‘ಕೊಲೋನಿಯ’. ರೋಮಿನವರು ಗೆದ್ದ ನಾಡಿನ ನೆಲವನ್ನು ತಮ್ಮ ನಿವೃತ್ತ ಸೈನಿಕರಿಗೆ ಹಂಚಿ ಅಂಥ ಊರುಗಳನ್ನು ಕಟ್ಟಿದರು. ಜರ್ಮನಿಯ ಕಲೋನ್ ಪಟ್ಟಣದ ಹೆಸರೇ ಅದು. ಅತ್ತರಿನ ಸೀಸೆಯ ಮೇಲೆ ಓದುವ ‘ಕಲೋನ್’ ನಮ್ಮ ಕಾಲನಿಯ ಅಕ್ಕನೇ. ಇನ್ನೂ ಒಂದಿದೆ. ಆ ಲ್ಯಾಟಿನ್ ಬೇರಿನಿಂದಲೇ ‘ಕಲ್ಚರ್’ ಹುಟ್ಟಿದ್ದು. ಮೊದಲು ನೆಲದ ಉಳುಮೆ, ಆಮೇಲೆ ಮನಸ್ಸಿನ ಉಳುಮೆ. ನಮ್ಮ ಕಡೆ ಯಾರಾದರೂ ದನಿ ಎತ್ತಿ ಮಾತಾಡಿದರೆ ‘ಕಾಲನಿ ಬುದ್ಧಿ, ಕಲ್ಚರ್ ಇಲ್ಲ’ ಅಂತಾರಲ್ಲ, ಒಂದೇ ತಾಯಿಯ ಮಕ್ಕಳನ್ನು ಹಿಡಿದು ಒಬ್ಬರಿಂದ ಇನ್ನೊಬ್ಬರನ್ನು ಬೈಸುವುದು ಅಂದರೆ ಇದೇ. ಕೊಲೋನಸನ ಪಾಡು ಮುಂದೆ ಏನಾಯಿತು ಎಂಬುದನ್ನೂ ತಿಳಿದಿರಬೇಕು. ರೋಮ್ ಸಾಮ್ರಾಜ್ಯದ ಕೊನೆಗಾಲದಲ್ಲಿ ಅವನು ಜಮೀನುದಾರನ ನೆಲಕ್ಕೆ ಕಟ್ಟುಬಿದ್ದ ಆಳಾದ. ಓಡಿಹೋಗುವ ಯೋಚನೆ ಮಾಡಿದ ಕೊಲೋನಸನಿಗೆ ಸರಪಳಿ ಹಾಕಬಹುದು ಎಂದು ಕಾನ್‌ಸ್ಟಂಟೈನ್ ದೊರೆ ಕ್ರಿ.ಶ. 332ರಲ್ಲಿ ಕಟ್ಟಳೆ ಹೊರಡಿಸಿದ. ಉಳುವವ ಎಂಬ ಶಬ್ದ ಜೀತದವ ಎಂಬ ಅರ್ಥಕ್ಕೆ ಜಾರಿತು. ನಮ್ಮಲ್ಲಿ ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ.

ಈಗ ತುಂಗಭದ್ರೆಯ ದಂಡೆಗೆ ಬರೋಣ. ಇಲ್ಲಿ ಈ ಶಬ್ದಕ್ಕೆ ಒಬ್ಬ ಜೊತೆಗಾರನಿದ್ದಾನೆ. ಹಾಗೆ ನೋಡಿದರೆ ಅವನಿಲ್ಲದೆ ಬಳ್ಳಾರಿ ಸೀಮೆಯ ಕಾಲನಿಯ ಅರ್ಥ ಪೂರ್ತಿ ಆಗುವುದಿಲ್ಲ. ಅದು ‘ಕ್ಯಾಂಪು’.

ಡ್ಯಾಮಿನ ಕೆಲಸ 1945ರಲ್ಲಿ ಶುರುವಾಗಿ, 1953ರ ಜುಲೈನಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಗಿ, ಆಲೂರು, ಆದೋನಿ, ರಾಯದುರ್ಗ ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಜೋಳ, ಹತ್ತಿ, ಶೇಂಗಾ ಬೆಳೆಯುತ್ತಿದ್ದ ಕಪ್ಪು ನೆಲದ ರೈತರಿಗೆ ಹೊಲ ಸಮ ಮಾಡಿ ಮಡಿ ಕಟ್ಟುವುದಕ್ಕೆ ಬಂಡವಾಳವಿರಲಿಲ್ಲ, ಭತ್ತದ ಅಭ್ಯಾಸವೂ ಇರಲಿಲ್ಲ. ಗುಂಟೂರು, ಕೃಷ್ಣಾ, ಗೋದಾವರಿ ಜಿಲ್ಲೆಗಳವರಿಗೆ ಎರಡೂ ಇದ್ದವು. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಆದದ್ದು 1852ರಲ್ಲಿ. ನೂರು ವರ್ಷದ ಕಾಲುವೆ ಬೇಸಾಯದ ಕೈ ಅವರದು. ಅಲ್ಲಿ ಒಂದೆಕರೆ ಮಾರಿ ಬಂದ ದುಡ್ಡಿನಲ್ಲಿ ಇಲ್ಲಿ ಹತ್ತಾರು ಎಕರೆ ಕೊಂಡರು, ಹೊಲದಲ್ಲೇ ಗುಡಿಸಲು ಹಾಕಿದರು. ಆ ಗುಡಿಸಲ ಗುಂಪಿಗೆ ಕ್ಯಾಂಪು ಎಂದು ಹೆಸರಾಯಿತು. ಸಿರುಗುಪ್ಪ, ಕುರುಗೋಡು, ಕಂಪ್ಲಿ, ಗಂಗಾವತಿ, ಸಿಂಧನೂರು, ಎಲ್ಲಿ ಕಾಲುವೆಯೋ ಅಲ್ಲಿ ಕ್ಯಾಂಪು. ಆಗ ಹಾಕಿದ ಗುಡಿಸಲು ಈಗ ಎರಡಂತಸ್ತು, ಮುಂದೆ ಅಕ್ಕಿ ಗಿರಣಿ, ಪಕ್ಕದಲ್ಲಿ ಕಾನ್ವೆಂಟು. ಹೆಸರು ಮಾತ್ರ ಇನ್ನೂ ಕ್ಯಾಂಪು. ನಾಳೆ ಬೆಳಿಗ್ಗೆ ಗಂಟುಮೂಟೆ ಕಟ್ಟುವವರ ಹಾಗೆ!

ನೋಡಿ, ಇಂಗ್ಲಿಷಿನಲ್ಲಿ ಕ್ಯಾಂಪ್ ಅಂದರೆ ನಾಲ್ಕು ದಿನದ ಬಿಡಾರ. ಕಾಲನಿ ಅಂದರೆ ಹೊರಗಿನಿಂದ ಬಂದು ನೆಲ ಹಿಡಿದು ನೆಲೆಸಿದ್ದು. ನಮ್ಮ ಸೀಮೆಯಲ್ಲಿ ಬಂದು ನೆಲ ಹಿಡಿದವರಿರುವುದು ಕ್ಯಾಂಪಿನಲ್ಲಿ. ಊರು ಹುಟ್ಟಿದ ದಿನದಿಂದ ಇಲ್ಲೇ ಇರುವವರು ಕಾಲನಿಯಲ್ಲಿ. ಶಬ್ದಗಳು ಯಾರಿಗೂ ಹೇಳದೆ ಮನೆ ಅದಲುಬದಲು ಮಾಡಿಕೊಂಡಿವೆ. ಕ್ಯಾಂಪಿನ ಬೇರೂ ಲ್ಯಾಟಿನ್ನೇ: ‘ಕಾಂಪುಸ್’, ಅಂದರೆ ಬಯಲು, ಹೊಲ. ಹೊಲ ಎಂಬ ಅರ್ಥದ ಶಬ್ದ ಅವರ ಬೋರ್ಡಿನ ಮೇಲೆ, ಉಳುವವ ಎಂಬ ಅರ್ಥದ ಶಬ್ದ ನಮ್ಮ ಬೋರ್ಡಿನ ಮೇಲೆ. ಹೊಲ ಅಲ್ಲಿ, ಉಳುವವ ಇಲ್ಲಿ. ನಾಟಿಯ ದಿನಗಳಲ್ಲಿ ನಸುಕಿನಲ್ಲೇ ನಮ್ಮ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರು ಹತ್ತುವುದು ಈ ಎರಡು ಶಬ್ದಗಳ ನಡುವಿನ ದಾರಿಯಲ್ಲೇ. ‘ಎಲ್ಲಿಗೆ ಹೊಂಟೀಯಬೇ?’ ‘ಕ್ಯಾಂಪಿಗೆ, ಕೂಲಿಗೆ.’

ಕ್ಯಾಂಪಿನವರೆಲ್ಲ ಒಂದೇ ತೆರನಲ್ಲ, ಅದನ್ನೂ ಹೇಳಬೇಕು. ಅವರ ಬೆವರನ್ನು ನಾವು ಅಲ್ಲಗಳೆಯುವುದಿಲ್ಲ. ಅವರ ಹಿಂದೆ ಅವರ ಕಡೆಯ ಕೂಲಿಗಳೂ ಬಂದರು. ನಾವು ಕಂಡ ಕ್ಯಾಂಪುಗಳ ಅಂಚಿನಲ್ಲಿ ಆ ಕೂಲಿಗಳ ಗುಡಿಸಲು ಬೇರೆಯೇ ಇವೆ. ಊರು ಬಿಟ್ಟು ನೂರಾರು ಮೈಲಿ ಬರುವಾಗ ಜನ ತಮ್ಮ ಕೇರಿಯನ್ನೂ ಹೊತ್ತುಕೊಂಡೇ ಬರುತ್ತಾರೆ! ಸಿಂಧನೂರು ತಾಲೂಕಿನಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಿವೆ, ನಂಬರೇ ಊರಿನ ಹೆಸರು. ಕ್ಯಾಂಪು ಎಂಬ ಶಬ್ದ ತನ್ನ ನಿಜವಾದ ಸಂಕಟದ ಅರ್ಥದಲ್ಲಿ ಉಳಿದಿರುವುದು ಅಲ್ಲೇ ಇರಬೇಕು. ನಮ್ಮ ಸರ್ಕಾರಿ ಜಮೀನಿನ ಕತೆ ಬೇರೆ. ದರಖಾಸ್ತಿನಲ್ಲಿ ಸಿಕ್ಕ ತುಂಡು ನೆಲವನ್ನೂ ಕಷ್ಟಕ್ಕೆ ಕಳಕೊಂಡವರಿಗೆ ಅದನ್ನು ಬಿಡಿಸಿ ಕೊಡಲೆಂದು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ತಡವಾಗಿ ಬಂದ ಅರ್ಜಿ ನಡೆಯದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ತೆಗೆದರು. ಇದಿಷ್ಟರ ನಡುವೆ ಎಷ್ಟು ಮುದುಕರು ತಾಲೂಕು ಕಚೇರಿಯ ಕಟ್ಟೆಯ ಮೇಲೆ ಸವೆದುಹೋದರೋ.

ಬಾಬಾಸಾಹೇಬರಿಗೆ ಈ ಶಬ್ದದ ಎರಡೂ ಅರ್ಥ ಗೊತ್ತಿತ್ತು ಎಂದು ನಮಗೆ ಅನ್ನಿಸುತ್ತದೆ. 1942ರ ಜುಲೈನಲ್ಲಿ ನಾಗಪುರದ ದಲಿತ ವರ್ಗಗಳ ಸಮ್ಮೇಳನದಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ಗ್ರಾಮಗಳು ಬೇಕೆಂಬ ನಿರ್ಣಯವಾಯಿತು. 1947ರಲ್ಲಿ ಅವರು ಸಂವಿಧಾನ ಸಭೆಗೆಂದು ಸಿದ್ಧಪಡಿಸಿದ ಮನವಿಯಲ್ಲಿ ಅದಕ್ಕಾಗಿ ಒಂದು ಆಯೋಗವನ್ನೇ ಕೇಳಿದ್ದರು: ಬೇಸಾಯವಾಗದೆ ಬಿದ್ದಿರುವ ಸರ್ಕಾರಿ ನೆಲ, ಅಲ್ಲಿ ಹೊಸ ಊರು. ಅಂದರೆ ಅವರು ಕೇಳಿದ್ದು ಹೊಲ ಸಹಿತದ ಕಾಲನಿ, ಶಬ್ದದ ಮೊದಲ ಅರ್ಥದ ಕಾಲನಿ. ಹಳೆಯ ಊರಿನ ಹಂಗೇ ಇಲ್ಲದ ಊರು. ಸರ್ಕಾರಗಳು ಕೊಟ್ಟದ್ದು ಮೂವತ್ತು-ನಲವತ್ತರ ಸೈಟು, ಹಳೆಯ ಊರಿನ ಕೂಲಿಗೆ ನಡೆದು ಹೋಗುವಷ್ಟು ಹತ್ತಿರ, ಮುಟ್ಟದಷ್ಟು ದೂರ.

ಹೆಸರು ಬದಲಿಸುವ ಗಾಳಿ ಈಗ ದಕ್ಷಿಣದಲ್ಲೆಲ್ಲ ಬೀಸುತ್ತಿದೆ. 2024ರ ಜೂನ್‌ನಲ್ಲಿ ಕೇರಳದ ಪರಿಶಿಷ್ಟರ ಕಲ್ಯಾಣ ಮಂತ್ರಿಯಾಗಿದ್ದ ಕೆ. ರಾಧಾಕೃಷ್ಣನ್ ಅವರು ರಾಜೀನಾಮೆ ಕೊಡುವ ಮುಂಚೆ ಕೊನೆಯದಾಗಿ ಮಾಡಿದ ಆದೇಶಗಳಲ್ಲಿ ಒಂದು, ದಲಿತ ಆದಿವಾಸಿಗಳ ನೆಲೆಗಳಿಗೆ ಇನ್ನು ಕಾಲನಿ ಎನ್ನಬಾರದು, ನಗರ್ ಎಂತಲೋ ಉನ್ನತಿ ಎಂತಲೋ ಅನ್ನಿ ಎಂಬುದು. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ಸರ್ಕಾರಿ ದಾಖಲೆಗಳಿಂದ ಈ ಶಬ್ದವನ್ನು ತೆಗೆಯುವುದಾಗಿ ಸಾರಿದರು. ಮಹಾರಾಷ್ಟ್ರದ ಮಂತ್ರಿಮಂಡಲ 2020ರಲ್ಲೇ ಜಾತಿ ಹೆಸರಿನ ವಾಡೆಗಳಿಗೆ ಸಮತಾ ನಗರ, ಭೀಮ ನಗರ ಎಂದು ಹೆಸರಿಡಲು ತೀರ್ಮಾನಿಸಿತ್ತು. ಇವು ಒಳ್ಳೆಯ ಕೆಲಸಗಳೇ. ವಿಳಾಸ ಹೇಳುವಾಗ ನಮ್ಮ ಮಗು ತಲೆ ತಗ್ಗಿಸದಿದ್ದರೆ ಅದಕ್ಕಿಂತ ದೊಡ್ಡದೇನಿದೆ.

ಆದರೂ ನಮಗೆ ಒಂದು ಅಳುಕಿದೆ. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆ ಇದೆ. ಹುಟ್ಟಿನಿಂದಲೇ ಅಪರಾಧಿಗಳೆಂದು ಬ್ರಿಟಿಷರು ಬರೆದುಕೊಂಡ ಬುಡಕಟ್ಟುಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಜಾಗ ಅದು. ಆ ಕಾಯ್ದೆ 1952ರಲ್ಲಿ ರದ್ದಾಯಿತು, ಬೇಲಿ ಹೋಯಿತು, ಶಬ್ದ ಈಗಲೂ ಬಾಯಲ್ಲಿದೆ. ನಮ್ಮ ಕಡೆ ಅಂಬೇಡ್ಕರ್ ನಗರ ಎಂದು ಬೋರ್ಡು ಹಾಕಿದ ಊರುಗಳಲ್ಲಿ ಬಸ್ಸಿನ ಎರಡನೇ ಪ್ರಶ್ನೆ ನಿಂತಿಲ್ಲ, ಅದು ‘ಊರಾಗೋ, ಅಂಬೇಡ್ಕರ್ ನಗರ್ದಾಗೋ’ ಎಂದಾಗಿದೆ. ಕೇರಿಯ ಮೈಲಿಗೆಯನ್ನು ಕಾಲನಿಗೆ ದಾಟಿಸಿದ ಊರು ಅದನ್ನು ಬಾಬಾಸಾಹೇಬರ ಹೆಸರಿಗೂ ದಾಟಿಸಲು ಹೇಸುವುದಿಲ್ಲ. ಈ ಮಾತು ಹೇಳಿದ್ದಕ್ಕೆ ನಮ್ಮ ಹುಡುಗರು ನಮ್ಮ ಮೇಲೆ ಹರಿಹಾಯ್ದರು. ‘ನೀವು ಡಿಗ್ರಿ ಓದಿ ಬಳ್ಳಾರಿ ಸೇರಿಕೊಂಡ್ರಿ. ಇಲ್ಲಿರೋ ನಮಗ ದಿನಾ ಆ ಬೋರ್ಡು ನೋಡಬೇಕು. ನಿಮಗ ಲ್ಯಾಟಿನ್ನು, ನಮಗ ನಾಚಿಗಿ’ ಅಂದ ಒಬ್ಬ. ಅವನಿಗೆ ಕೊಡಲು ನಮ್ಮ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬೋರ್ಡು ಕೀಳುವ ದಿನ ಅವನ ಜೊತೆ ನಾವೂ ಹಾರೆ ಹಿಡಿಯುತ್ತೇವೆ. ಆದರೆ ಬೋರ್ಡು ಬದಲಿಸಿಕೊಡುವಂತೆ ಕೊಡುವ ಅರ್ಜಿಯಲ್ಲೇ ಇನ್ನೊಂದು ಸಾಲು ಸೇರಬೇಕೆಂದು ನಾವು ಹಟ ಹಿಡಿದಿದ್ದೇವೆ: ಈ ಶಬ್ದಕ್ಕೆ ಹೊಲ ಎಂಬ ಬಾಕಿ ಇದೆ, ಶಬ್ದವನ್ನು ವಾಪಸು ಮಾಡುವ ಮುಂಚೆ ಆ ಬಾಕಿ ಚುಕ್ತಾ ಆಗಲಿ ಎಂದು. ಎಷ್ಟು ಮನೆ, ಎಷ್ಟು ಎಕರೆ ಎಂಬ ಪಟ್ಟಿ ಹುಡುಗರೇ ಬರೆಯುತ್ತಿದ್ದಾರೆ.

ಕಳೆದ ಅಮಾಸಿಯ ದಿನ ಕೂಲಿಗೆ ರಜೆ, ಎಲ್ಲರೂ ಕಟ್ಟೆಯ ಮೇಲೆ ಸೇರಿದ್ದರು. ಯಾವ ಹೆಸರಿಡಬೇಕು ಎಂದು ಮಾತು ಏರಿತ್ತು. ಭೀಮನಗರ ಎಂದರು, ಬಸವನಗರ ಎಂದರು, ಬುದ್ಧನಗರ ಎಂದರು. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ಮುದುಕಿಯೊಬ್ಬಳು ಕೈ ನಿಲ್ಲಿಸಿದಳು.

‘ಯಪ್ಪಾ, ಹೆಸ್ರು ಏನಾರ ಇಡ್ರಿ. ಊರವ್ರು ಅವರ ಓಣಿಗೂ ಅದ ಹೆಸ್ರು ಇಟ್ಕಂತಾರೇನು, ಹೋಗಿ ಒಂದ್ಸಲ ಕೇಳ್ಕಂಡು ಬರ್ರಿ.’

ಕೇಳಿಕೊಂಡು ಬರಲು ಇನ್ನೂ ಯಾರೂ ಹೋಗಿಲ್ಲ.